ಕೆಂಪ ದಾರ ಕಟ್ಟಿದ ಚೀಲಕ್ಕ ಕೈ ಹಚ್ಚಬ್ಯಾಡ್ರಿ

ಮೊನ್ನೆ ನವನಗರದ ಗೆಳೆಯ ಒಬ್ಬಾವ ಫೋನ್ ಮಾಡಿದ್ದ. ಅವಂದು ಶೇಂಗಾ ಚಟ್ನಿ, ಅಗಸಿ ಚಟ್ನಿ, ಕಡಕ್ ರೊಟ್ಟಿ ಹೋಲ್‌ಸೇಲ್, ಈಗ ಆರು ತಿಂಗಳಿಂದ ಆನ್‌ಲೈನೂ ಶುರು ಮಾಡ್ಯಾನ. "ದೋಸ್ತಾ, ಇರೋ ಮಾಲು ಒಂದ, ಕೇಳೋರು ಎರಡೂ ಕಡೆ, ಯಾರಿಗೆ ಕೊಡ್ಲಿ, ಯಾರಿಗೆ ಇಲ್ಲ ಅನ್ಲಿ, ನೀವು ಹೆಂಗ ಮಾಡ್ತೀರಿ" ಅಂತ ಕೇಳ್ದ. ಫೋನ್‌ನಾಗ ಅರ್ಧಾ ತಾಸು ಹೇಳಿದೆ, ಆದ್ರೂ ಮುಗೀಲಿಲ್ಲ. ಅದಕ್ಕ ಪೂರಾ ಇಲ್ಲೇ ಬರದ ಬಿಡೋಣು ಅಂತ ಕುಂತೇನಿ, ಯಾಕಂದ್ರ ಇದನ್ನ ಕಲಿಯೋದ್ರಾಗ ನಮಗ ಎರಡು ವರ್ಷ ಹಿಡೀತು, ಮತ್ತ ನಮ್ಮ ಕಡೆ ಇಂಥಾ ಸಣ್ಣ ವ್ಯಾಪಾರಸ್ಥರು ಭಾಳ ಮಂದಿ ಅದಾರ, ಎಲ್ಲಾರೂ ಒಂದ ಸಲ ಆದ್ರೂ ಇದ ಕಲ್ಲಿಗೆ ಎಡವೇ ಎಡವ್ತಾರ.

ನಮ್ಮದು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ. ಅಪ್ಪಾಜಿ ಶುರು ಮಾಡಿದ್ದು, ಹುಬ್ಬಳ್ಳಿ ಅಮರಗೋಳ ಎಪಿಎಂಸಿ ಹತ್ರ ಗೋಡೌನ್ ಐತಿ. ಸೋಮವಾರ ಗುರುವಾರ ಬ್ಯಾಡಗಿ ಮಾರ್ಕೆಟ್ಟಿನ ಟೆಂಡರ್ ದಿನ, ಸೀಜನ್‌ನಾಗ ಅಪ್ಪಾಜಿ ಮುಂಜಾನೆ ಐದಕ್ಕ ಮನಿ ಬಿಟ್ಟಿರ್ತಾರ. ಅಲ್ಲಿ ಕಾಯಿ ಕೈಯಾಗ ಹಿಡದು, ಮುರದು, ಮೂಸಿ ನೋಡಿನ ರೇಟ್ ಹಾಕೋದು. ಬ್ಯಾಡಗ್ಯಾಗ ಎರಡು ಜಾತಿ, ಕಡ್ಡಿ ಮತ್ತ ಡಬ್ಬಿ. ಕಡ್ಡಿ ಅಂದ್ರ ಉದ್ದಕ, ತೆಳ್ಳಗ, ಸುಕ್ಕ ಸುಕ್ಕ, ಬೀಜ ಕಮ್ಮಿ. ಡಬ್ಬಿ ಅಂದ್ರ ಗಿಡ್ಡಕ, ಉಬ್ಬಿದಂಗ, ಬೀಜ ಜಾಸ್ತಿ, ಬಣ್ಣ ಇನ್ನೂ ಗಟ್ಟಿ. ಎರಡಕ್ಕೂ ಖಾರ ಕಮ್ಮಿ, ಬಣ್ಣ ಜಾಸ್ತಿ, ಅದ ಇದರ ಹೆಸರು. 2011ರಾಗ ಜಿಐ ಟ್ಯಾಗ್, ಅಂದ್ರ ಈ ಮಾಲು ಈ ಭಾಗದ್ದ ಅನ್ನೋ ಸರಕಾರದ ಗುರ್ತು, ಸಿಕ್ಕಿದ್ದೂ ಇದಕ್ಕ. ಸೀಜನ್‌ನಾಗ ತಗೊಂಡಿದ್ದನ್ನ ಅಲ್ಲೇ ಬ್ಯಾಡಗಿ ಕೋಲ್ಡ್ ಸ್ಟೋರೇಜ್‌ನಾಗ ಇಡ್ತೇವಿ, ಹೊರಗ ಬ್ಯಾಸಗಿ ಬಿಸಲಿಗೆ ಇಟ್ರ ಕೆಂಪು ಹೋಗಿ ಮಾಸಲು ಆಗ್ತದ. ಬೇಕಾದಂಗ ತಗದು, ತೊಟ್ಟು ಬಿಡಿಸಿ, ಗಿರಣಿಗೆ ಹಾಕಿ ಪುಡಿ ಮಾಡಸ್ತೇವಿ. ಪುಡಿ 25 ಕಿಲೋ ಚೀಲದಾಗ ಬರ್ತದ. ಕಿರಾಣಿ ಅಂಗಡಿ, ಖಾನಾವಳಿ, ಬ್ಯಾರೆ ಊರಿನ ಹೋಲ್‌ಸೇಲ್‌ದವರು ಚೀಲಗಟ್ಟಲೆ ಒಯ್ತಾರ. ಆನ್‌ಲೈನ್‌ಗೆ ಅದ ಚೀಲ ಬಿಚ್ಚಿ ಪ್ಯಾಕೆಟ್ ಮಾಡ್ತೇವಿ.

ಇಷ್ಟು ಯಾಕ ಹೇಳಿದೆ ಅಂದ್ರ, ಚೀಲ ಬಿಚ್ಚೋ ಆ ಜಾಗಾದಾಗ ಎಲ್ಲಾ ಐತಿ.

ಮೂರು ವರ್ಷದ ಹಿಂದ, ನವರಾತ್ರಿ ವಾರ. ಗೋಡೌನ್‌ನಾಗ 31 ಚೀಲ ಪುಡಿ ಇತ್ತು. ಮಂಗಳವಾರ ಸಂಜಿಮುಂದ ಕೊಪ್ಪಳದ ಕಾಕಾ, ನಮ್ಮ ಹಳೇ ಹೋಲ್‌ಸೇಲ್ ಗಿರಾಕಿ, ಅಪ್ಪಾಜಿಗೆ ಫೋನ್ ಮಾಡಿ 18 ಚೀಲ ಹೇಳ್ಯಾರ, ಶನಿವಾರ ಗಾಡಿ ಕಳಸ್ತೇನಿ ಅಂದಾರ, ಅಪ್ಪಾಜಿ "ಆತು ಕಳಸ್ರಿ" ಅಂದಾರ. ಮೂವತ್ತು ವರ್ಷದಿಂದ ಅವರ ನಡುವ ಹಂಗ ನಡದಿದ್ದು, ಮಾತು ಅಂದ್ರ ಮಾತು, ಬರಕೊಳ್ಳೋದು ಏನೂ ಇಲ್ಲ. ಇತ್ಲಾಗ ನಾನು ನನ್ನ ಎಕ್ಸೆಲ್ ಶೀಟ್‌ನಾಗ 31 ಚೀಲ ಅಂದ್ರ 775 ಕಿಲೋ ಅಂತ ಬರದು, ಅಷ್ಟನ್ನೂ ಆನ್‌ಲೈನ್ ಮಾರೋ ಸೈಟ್ ಮ್ಯಾಲೆ ಸ್ಟಾಕ್ ಅಂತ ತೋರ್ಸಿದ್ದೆ, ಹಬ್ಬದ ಸೇಲ್ ಶುರು ಆಗೋದಿತ್ತು, ಆರ್ಡರ್ ಬಂದಮ್ಯಾಲೆ ಪ್ಯಾಕ್ ಮಾಡ್ಕೋತ ಕುಂತ್ರ ತಡಾ ಆಗ್ತದ ಅಂತ ಪ್ಯಾಕಿಂಗ್ ಅಕ್ಕಾರಿಗೆ ಹೇಳಿ ಮೊದಲ 22 ಚೀಲ ಬಿಚ್ಚಿಸಿ 250 ಗ್ರಾಂ ಪ್ಯಾಕೆಟ್ ಮಾಡ್ಸಿ ಇಟ್ಟೆ. ಅಪ್ಪಾಜಿಗೆ ನಾನು ಹೇಳಿಲ್ಲ, ನನಗ ಅಪ್ಪಾಜಿ ಹೇಳಿಲ್ಲ. ಇಬ್ಬರೂ ಒಂದ ಟೇಬಲ್ಲಿನ್ಯಾಗ ಕುಂತು ದಿನಾ ಚಹಾ ಕುಡಿಯೋರು.

ಶನಿವಾರ ಮಧ್ಯಾಹ್ನ ಕೊಪ್ಪಳದ ಗಾಡಿ ಬಂತು. 18 ಚೀಲ ಬೇಕು, ಗೋಡೌನ್‌ನಾಗ ಬಾಯಿ ಹೊಲದ ಚೀಲ ಇದ್ದಿದ್ದು 9. ಆನ್‌ಲೈನ್‌ನಾಗ ಅಷ್ಟೊತ್ತಿಗೆ ಹೋಗಿದ್ದು 260 ಕಿಲೋ ಅಷ್ಟ, ಉಳದ 290 ಕಿಲೋ ಪ್ಯಾಕೆಟ್ ಆಗಿ ರ‍್ಯಾಕ್ ಮ್ಯಾಲೆ ಕುಂತಿತ್ತು. ಅಂದ್ರ ಮಾಲು ಇಲ್ಲ ಅಂತಲ್ಲ, ಮಾಲು ಐತಿ, ಆದ್ರ ಕಾಕಾಗ ಬೇಕಾದ ರೂಪದಾಗ ಇಲ್ಲ. ಅವರು ಖಾನಾವಳಿಗೆ ಬಿಡಿ ಮಾಲು ತೂಗಿ ಕೊಡೋರು, ಸಣ್ಣ ಪ್ಯಾಕೆಟ್ ತಗೊಂಡು ಏನ್ ಮಾಡ್ತಾರ.

ಅಪ್ಪಾಜಿ ನನಗ ಒಂದ ಮಾತೂ ಅನಲಿಲ್ಲ. ಡ್ರೈವರ್‌ಗೆ "ಇವತ್ತ ಇಲ್ಲೇ ಇರಪಾ, ಮುಂಜಾನೆ ಹೋಗೀಯಂತ" ಅಂದ್ರು, ಮನಿಯಿಂದ ಅವಂಗ ರೊಟ್ಟಿ ಪಲ್ಯಾ ತರ್ಸಿದ್ರು, ಕೈಗೆ ಗ್ಲೌಸ್ ಹಾಕ್ಕೊಂಡು ಕತ್ರಿ ಹಿಡಕೊಂಡು ಕುಂತ್ರು. ಒಂದೊಂದ ಪ್ಯಾಕೆಟ್ ಕತ್ತರಿಸಿ ಹೊಸಾ ಚೀಲಕ್ಕ ಸುರುವೋದು. 9 ಚೀಲ ಅಂದ್ರ 225 ಕಿಲೋ, ಅಂದ್ರ 900 ಪ್ಯಾಕೆಟ್. ನಾನು ಕುಂತೆ, ಅವ್ವ ಬಂದ್ಲು, ಗೋಡೌನ್ ಹುಡುಗ ಮನಿಗೆ ಹೋಗಲಿಲ್ಲ, ಅವನೂ ಕುಂತ. ಖಾರದ ಘಾಟಿಗೆ ಮೂಗಿಗೆ ವಸ್ತ್ರ ಕಟ್ಕೊಂಡು ರಾತ್ರಿ ಒಂದೂವರಿ ತನಕ. ಕತ್ತರಿಸಿ ಒಗದ ಪ್ಯಾಕೆಟ್ಟಿನ ಗುಡ್ಡಿ ಮೊಣಕಾಲ ಮಟ ಬಂದಿತ್ತು, ಒಂದೊಂದಕ್ಕ ಲೇಬಲ್ ಸೇರಿ 4 ರೂಪಾಯಿ ಬಿದ್ದಿತ್ತು, 3600 ರೂಪಾಯಿ ಹಂಗ ಹೋತು. ರೊಕ್ಕದ ಮಾತು ಬ್ಯಾರೆ. ಅಪ್ಪಾಜಿ ಕೈಯಾಗ ಕತ್ರಿ ಹಿಡದ ಜಾಗಾದಾಗ ಬೊಕ್ಕಿ ಎದ್ದಿದ್ದು ನನಗ ಇವತ್ತಿಗೂ ಕಣ್ಣಾಗ ಐತಿ.

ಆಮ್ಯಾಲೆ ಏನಾತು ಅಂದ್ರ, ಅಂಜಿಕಿಗೆ ಪೂರಾ ಉಲ್ಟಾ ಮಾಡಿದ್ವಿ. ಮುಂದಿನ ದೀಪಾವಳಿಗೆ ಹೋಲ್‌ಸೇಲ್‌ದವರು ಕೇಳಿದ್ದೆಲ್ಲಾ ಮೊದಲ ತಗದಿಟ್ಟು, ಉಳದಿದ್ದು ಆನ್‌ಲೈನ್‌ಗೆ ಅಂತ ಮಾಡಿದ್ವಿ. ಆದ್ರ ಸೈಟ್ ಮ್ಯಾಲಿನ ನಂಬರ್ ಇಳಸೋದು ಎರಡು ದಿನ ತಡಾ ಆತು, ಜತಿಗೆ ಇನ್ನೊಂದು ತಪ್ಪು ಮಾಡಿದ್ದೆ, ಇದ್ದ ಪ್ಯಾಕೆಟ್ 40, ಅದ 40ನ್ನ ಮೂರು ಸೈಟ್‌ನಾಗೂ 40 ಅಂತಾನ ತೋರ್ಸಿದ್ದೆ, ಅಂದ್ರ ಇಲ್ಲದ 80 ಪ್ಯಾಕೆಟ್ಟಿಗೆ ನಾನ ಮಾತು ಕೊಟ್ಟಂಗ. 64 ಆರ್ಡರ್ ಕ್ಯಾನ್ಸಲ್ ಮಾಡಬೇಕಾತು, ಒಂದು ಸೈಟಿನವರು ನಮ್ಮ ಅಕೌಂಟ್ ಹದಿನೈದು ದಿನ ಬಂದ್ ಮಾಡಿದ್ರು. ಆ 64ರಾಗ ಒಬ್ಬ ಅಕ್ಕಾರು ರಾಣೇಬೆನ್ನೂರಿನವರು, ಈಗ ಪುಣೆದಾಗ ಇರೋರು, ಹಬ್ಬಕ್ಕ ಮನಿಗೆ ಅತ್ತಿ ಮಾವ ಬರ್ತಾರ, ಊರಿನ ಖಾರ ಹಾಕಿ ಎಣ್ಣಿಗಾಯಿ ಮಾಡಬೇಕು ಅಂತ ವಾರ ಮೊದಲ ಆರ್ಡರ್ ಹಾಕಿದ್ರಂತ. ಸಿಟ್ಟ ಮಾಡಲಿಲ್ಲ, ಮೊದಲ ಇಲ್ಲ ಅಂದಿದ್ರ ಊರಿಂದ ತಮ್ಮನ ಕಡೆ ತರ್ಸತಿದ್ದೆ ಅಂತ ಬರದಿದ್ರು. ಅದನ್ನ ಓದಿದಾಗ ಅನಸ್ತು, ಹೋಲ್‌ಸೇಲ್ ಗಿರಾಕಿಗೆ ಮುಖ ಐತಿ, ಹೆಸರು ಐತಿ, ಮದವಿಗೆ ಮುಂಜಿಗೆ ಬರ್ತಾರ, ಅದಕ್ಕ ಅವರ ಸಂಕಟ ನಮಗ ಕಾಣ್ತದ. ಆನ್‌ಲೈನ್ ಗಿರಾಕಿ ಶೀಟ್‌ನಾಗ ಒಂದು ಸಾಲು ಅಷ್ಟ, ಅದಕ್ಕ ಕಾಣಂಗಿಲ್ಲ. ಆದ್ರ ಆ ಕಡೆನೂ ಒಂದು ಒಲಿ ಉರೀತಿರ್ತದ.

ಹಂಗಾದ್ರ ಯಾವುದ್ರಾಗ ಲಾಭ ಜಾಸ್ತಿ ಅವರಿಗೆ ಮೊದಲ ಕೊಟ್ರಾತಲ್ಲ ಅಂತ ನನ್ನ ಗೆಳೆಯ ಅಂದ. ನಾನೂ ಮೊದಲ ಹಂಗ ಅನ್ಕೊಂಡಿದ್ದೆ. ನಮ್ಮ ಲೆಕ್ಕಾ ಹೇಳ್ತೇನಿ ನೋಡ್ರಿ. ಆ ವರ್ಷ ಒಂದು ಕಿಲೋ ಪುಡಿ ನಮಗ ಬೀಳತಿದ್ದಿದ್ದು 315 ರೂಪಾಯಿ. ಹೋಲ್‌ಸೇಲ್ ರೇಟ್ 340, ಉಳಿಯೋದು 25, ಆದ್ರ ಒಂದೂವರಿ ತಿಂಗಳ ಉದ್ರಿ. ಆನ್‌ಲೈನ್‌ನಾಗ 250 ಗ್ರಾಂಗೆ 140 ಇಟ್ಟಿದ್ವಿ, ನಾಕು ಪ್ಯಾಕೆಟ್ ಅಂದ್ರ 560. ಕೇಳಾಕ ಭಾಳ ಚಂದ ಅನಸ್ತದ. ಅದ್ರಾಗ ಸೈಟಿನ ಕಮಿಷನ್ 90, ಕೊರಿಯರ್ 75, ಪ್ಯಾಕೆಟ್ ಬಾಕ್ಸ್ ಟೇಪ್ 30, ಪ್ಯಾಕಿಂಗ್ ಕೂಲಿ 10, ರಿಟರ್ನ್ ಬರೋದನ್ನ ಎಲ್ಲಾ ಆರ್ಡರ್ ಮ್ಯಾಲೆ ಹಂಚಿದ್ರ 12, ಇಷ್ಟು ತಗದ್ರ 343 ಉಳೀತದ, ಮಾಲಿಂದು 315 ಕಳದ್ರ 28. ಅಂದ್ರ 25 ಮತ್ತ 28. ಹೆಚ್ಚು ಕಮ್ಮಿ ಒಂದ. ಮತ್ತ 250 ಗ್ರಾಂದು ಒಂದ ಪ್ಯಾಕೆಟ್ ಆರ್ಡರ್ ಬಂದ್ರ ಕೈಯಿಂದ ಹೋಗ್ತದ, ಅದಕ್ಕ ಈಗ ಕಮ್ಮೀತ್ ಕಮ್ಮಿ ಅರ್ಧಾ ಕಿಲೋ ಅಂತ ಮಾಡೇವಿ.

ಇಡೀ ಕಾಯಿದು ಇನ್ನೂ ಬ್ಯಾರೆ ಕತಿ. ಕೊರಿಯರ್‌ದವರು ತೂಕ ಅಷ್ಟ ನೋಡಂಗಿಲ್ಲ, ಬಾಕ್ಸಿನ ಉದ್ದ ಅಗಲ ಎತ್ತರ ಸೆಂಟಿಮೀಟರ್‌ನಾಗ ಗುಣಿಸಿ 5000ದಿಂದ ಭಾಗಿಸ್ತಾರ, ಬಂದಿದ್ದ ಕಿಲೋ, ಎರಡರಾಗ ಯಾವುದು ಜಾಸ್ತಿನೋ ಅದರ ಮ್ಯಾಲೆ ಬಾಡಿಗಿ. ಬ್ಯಾಡಗಿ ಕಾಯಿ ಹಗುರ, ಉಬ್ಬಿರ್ತದ, ಒತ್ತಿ ತುಂಬಿದ್ರ ಮುರದು ಬೀಜ ಉದರ್ತಾವ. 1 ಕಿಲೋ ಕಾಯಿಗೆ 30, 25, 20ರ ಬಾಕ್ಸ್ ಬೇಕು, ಗುಣಿಸಿದ್ರ 15000, ಭಾಗಿಸಿದ್ರ 3. ಒಂದು ಕಿಲೋ ಕಾಯಿಗೆ ಮೂರು ಕಿಲೋದ ಬಾಡಿಗಿ. ಹಂಗಾಗಿ ಇಡೀ ಕಾಯಿ ಆನ್‌ಲೈನ್‌ನಾಗ ನಾವು ಕಾಲು ಕಿಲೋದ ಸಣ್ಣ ಪ್ಯಾಕೆಟ್ ಪುಡಿ ಜತಿಗೆ ಸೇರಿಸಿ ಮಾತ್ರ ಕೊಡ್ತೇವಿ, ಉಳದಿದ್ದೆಲ್ಲಾ ಹೋಲ್‌ಸೇಲ್. ಇಲ್ಲಿ ಹಂಚೋ ಪ್ರಶ್ನೆನ ಬರಂಗಿಲ್ಲ. ನಿಮ್ಮ ಮಾಲಿನ್ಯಾಗೂ ಇಂಥಾವು ಇರ್ತಾವ, ಅವನ್ನ ಮೊದಲ ಬ್ಯಾರೆ ತಗದ್ರ ಅರ್ಧಾ ತಲಿನೋವು ಕಮ್ಮಿ. ನನ್ನ ಗೆಳೆಯನ ಕಡಕ್ ರೊಟ್ಟಿನೂ ಹಿಂಗ, ಹಾದ್ಯಾಗ ಮುರದು ಚೂರಾಗಿ ಹೋಗ್ತಾವ, ಅವು ಅಂಗಡಿಗೆ ಹೋಗ್ಲಿ, ಚಟ್ನಿ ಆನ್‌ಲೈನ್ ಹೋಗ್ಲಿ.

ಈಗ ನಾವು ಮಾಡೋದು ಹೇಳ್ತೇನಿ.

ಮೊದಲನೇದು, ಗೋಡೌನ್‌ನಾಗ ಎಷ್ಟು ಚೀಲ ಅದಾವ ಅನ್ನೋ ನಂಬರ್ ಯಾರೂ ಕೇಳಂಗಿಲ್ಲ. ಎಷ್ಟು ಚೀಲಕ್ಕ ಇನ್ನೂ ಮಾತು ಕೊಟ್ಟಿಲ್ಲ ಅನ್ನೋದು ಅಷ್ಟ ಕೇಳೋದು. ಎರಡೂ ಬ್ಯಾರೆ ಬ್ಯಾರೆ. ಬಾಗಲಾ ಹತ್ರ ಒಂದು ಕರೀ ಹಲಗಿ ಹಾಕೇವಿ, ಅಪ್ಪಾಜಿ ಫೋನ್‌ನಾಗ "ಆತು ಕಳಸ್ರಿ" ಅಂದ್ರ ಅಂದ ತಕ್ಷಣ ಗೋಡೌನ್ ಹುಡುಗ ಹಲಗಿ ಮ್ಯಾಲೆ ಊರು, ಚೀಲ, ಒಯ್ಯೋ ದಿನ ಬರೀತಾನ, ಅಷ್ಟು ಚೀಲಕ್ಕ ಕೆಂಪ ದಾರ ಕಟ್ಟತಾನ, ಹಲಗಿ ಫೋಟೋ ಹೊಡದು ಗ್ರೂಪಿಗೆ ಹಾಕ್ತಾನ, ನಾನು ಎಲ್ಲಿದ್ರೂ ಸೈಟಿನ ನಂಬರ್ ಇಳಸ್ತೇನಿ. ಅಪ್ಪಾಜಿಗೆ ಕಂಪ್ಯೂಟರ್ ಮ್ಯಾಲೆ ಭರೋಸಾ ಇಲ್ಲ, ದಾರದ ಮ್ಯಾಲೆ ಐತಿ. ಪ್ಯಾಕಿಂಗ್ ಅಕ್ಕಾರಿಗೂ ಗೊತ್ತೈತಿ, ಕೆಂಪ ದಾರ ಇದ್ದ ಚೀಲಕ್ಕ ನಾನ ಬಂದು ಹೇಳಿದ್ರೂ ಅವರು ಕತ್ರಿ ಹಚ್ಚಂಗಿಲ್ಲ. ಒಂದ ಸಲ ಹೇಳಿ ನೋಡಿದೆ, ಅವರಾಗ ಹಿರಿಯಾಕಿ "ಅಪ್ಪಾರನ್ನ ಕೇಳಿ ಬಾ ತಮ್ಮಾ" ಅಂದ್ರು.

ಹಂಗಂತ ದಾರ ಕಟ್ಟಿದ್ದು ಕಾಯಂ ಅಲ್ಲ. ಒಯ್ಯೋ ದಿನ ದಾಟಿ ಎರಡು ದಿನ ಆದ್ರ ಅಪ್ಪಾಜಿ ಫೋನ್ ಮಾಡ್ತಾರ, "ಏನ್ರೀ, ಮಾಲು ಬೇಕೋ, ಬಿಡ್ಲೋ" ಅಂತ. ಕೆಲವ್ರು ಬೇಕೋ ಬ್ಯಾಡೋ ಅನ್ನೋ ಮೊದಲ ಹೇಳಿ ಇಟ್ಟಿರ್ತಾರ, ಬ್ಯಾರೆ ಕಡೆ ಎರಡು ರೂಪಾಯಿ ಕಮ್ಮಿ ಸಿಕ್ರ ಅಲ್ಲಿ ತಗೊಂಡಿರ್ತಾರ. ಕೇಳದನ ದಾರ ಬಿಚ್ಚಬಾರದು, ಕೇಳಿದ ಮ್ಯಾಲೆ ಕಟ್ಟಿ ಇಡಬಾರದು.

ಎರಡನೇದು, ಪ್ಯಾಕೆಟ್ ಮೊದಲ ಮಾಡಿ ಇಡಂಗಿಲ್ಲ, ಇದು ನನ್ನ ಕಣ್ಣಾಗ ಎಲ್ಲಾಕಿಂತ ದೊಡ್ಡದು. ಕೋಲ್ಡ್ ಸ್ಟೋರೇಜ್‌ನಾಗಿನ ಕಾಯಿ ಯಾರದೂ ಅಲ್ಲ, ಯಾರದಾದ್ರೂ ಆಗಬಹುದು. ಪುಡಿ ಮಾಡಿದ್ರ ಕಾಯಿ ಕೇಳೋರಿಗೆ ತಪ್ತು. ಪುಡಿ ಚೀಲ ಬಿಚ್ಚಿ ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿದ್ರ ಹೋಲ್‌ಸೇಲ್‌ದವರಿಗೂ ತಪ್ತು. ಪ್ಯಾಕೆಟ್ ಮ್ಯಾಲೆ ಪ್ಯಾಕ್ ಮಾಡಿದ ತಾರೀಖು ಹೊಡದ್ರ ಅದರ ಆಯುಷ್ಯದ ಲೆಕ್ಕಾ ಅವತ್ತಿಂದ ಶುರು. ಒಂದೊಂದ ಹೆಜ್ಜಿ ಮುಂದ ಹೋದಂಗೂ ಒಂದೊಂದ ಬಾಗಲಾ ಮುಚ್ಚತಾವ. ಅದಕ್ಕ ಎಷ್ಟು ಹಿಂದ ನಿಲ್ಲಾಕ ಆಗ್ತದೋ ಅಷ್ಟು ಹಿಂದ ನಿಲ್ಲಸ್ತೇವಿ. ಈಗ ನಮ್ಮ ರ‍್ಯಾಕ್ ಮ್ಯಾಲೆ ಮೂರು ದಿನದ ಪ್ಯಾಕೆಟ್ ಅಷ್ಟ ಇರ್ತಾವ. ದಿನಾ ಸಂಜಿಮುಂದ ಆರ್ಡರ್ ನೋಡಿ, ಬೇಕಾದ್ರ ಅಷ್ಟ ಮರುದಿನಕ್ಕ ಒಂದು ಚೀಲ ಬಿಚ್ಚೋದು, ಸೇಲ್ ಇದ್ರ ಎರಡು. ಪ್ಯಾಕಿಂಗ್ ಅಕ್ಕಾರು ಇಬ್ಬರು ಇದ್ದಿದ್ದು ಮೂವರಾದ್ರು, ಆ ಕೂಲಿ ಜಾಸ್ತಿ ಆತು ಖರೆ, ಆದ್ರ ಕತ್ರಿ ಹಿಡಿಯೋ ಪ್ರಸಂಗ ಮತ್ತ ಬಂದಿಲ್ಲ.

ಇದ ಕಾರಣಕ್ಕ ಸೈಟಿನವರ ಗೋಡೌನಿಗೆ ಮಾಲು ಮೊದಲ ಕಳಸಿ ಇಡೋ ಪದ್ಧತಿ ಐತಲ್ಲ, ಅದ್ರಾಗ ನಾವು ಭಾಳ ಹುಷಾರಿ. ಅಲ್ಲಿ ಇಟ್ರ ಗಿರಾಕಿಗೆ ಲಗೂ ಮುಟ್ತದ, ಒಪ್ತೇನಿ. ಆದ್ರ ಒಂದ ಸಲ ಹೋದ ಮಾಲು ನಾಳೆ ಗದಗಿನವರು ಕೇಳಿದ್ರು ಅಂತ ತಿರುಗಿ ತರ್ಸಾಕ ಆಗಂಗಿಲ್ಲ, ವಾರಗಟ್ಟಲೆ ಹಿಡೀತದ, ಅಷ್ಟೊತ್ತಿಗೆ ಪ್ಯಾಕೆಟ್ ತಾರೀಖು ಹಳೇದಾಗಿರ್ತದ. ಮೂರು ವಾರದಾಗ ಖರ್ಚಾಗೋವಷ್ಟ ಕಳಸೋದು, ಹೆಚ್ಚು ಕಳಸಂಗಿಲ್ಲ.

ಸೈಟ್ ಮ್ಯಾಲೆ ತೋರ್ಸೋ ನಂಬರ್ ಯಾವಾಗ್ಲೂ ಖರೆ ಇದ್ದಿದ್ದಕ್ಕಿಂತ ಕಮ್ಮಿ ಇರಬೇಕು. ಒಂದು ಸೈಟ್‌ನಾಗ ಮಾರಿದ್ದು ಇನ್ನೊಂದ್ರಾಗ ಕಮ್ಮಿ ಆಗಾಕ ಸಾಫ್ಟ್‌ವೇರ್ ಇದ್ರೂ ಒಂದೀಟ ಹೊತ್ತು ಹಿಡೀತದ, ಸೇಲ್ ದಿನ ಆ ಒಂದೀಟ ಹೊತ್ತಿನ್ಯಾಗ ಹತ್ತು ಆರ್ಡರ್ ಬಿದ್ದಿರ್ತಾವ. ನಾವು ಹತ್ತರಾಗ ಒಂದು ಭಾಗ ಹಿಂದ ಇಟ್ಕೋತೇವಿ, ಸೇಲ್ ಇದ್ರ ಎರಡು. ಮತ್ತ ರಿಟರ್ನ್ ಬಂದ ಪ್ಯಾಕೆಟ್ ತಾನ ಸ್ಟಾಕಿಗೆ ಸೇರಬಾರದು, ಸಾಫ್ಟ್‌ವೇರ್‌ನಾಗ ಅದನ್ನ ಬಂದ್ ಮಾಡ್ರಿ. ನಮ್ಮದು ತಿನ್ನೋ ಸಾಮಾನು, ಹದಿನೈದು ಇಪ್ಪತ್ತು ದಿನ ಎಲ್ಲೆಲ್ಲೋ ತಿರುಗಿ ಬಂದಿರ್ತದ, ನಾವು ಅದನ್ನ ಮತ್ತ ಮಾರಂಗಿಲ್ಲ.

ಈಗ ಮಾಲು ಕಮ್ಮಿ ಬಿದ್ದಾಗ ಏನು ಅನ್ನೋದಕ್ಕ ಬರ್ತೇನಿ. ಯಾಕಂದ್ರ ಮಾಲು ಬೇಕಾದಷ್ಟು ಇದ್ದಾಗ ಹಂಚೋದು ಯಾರಿಗೂ ಬರ್ತದ.

ನಮ್ಮ ಧಂದೆದಾಗ ಪುಣ್ಯಾಕ್ಕ ಎರಡೂ ಕಡೆ ಗಿರಾಕಿ ಒಂದ ಹೊತ್ತಿಗೆ ಬರೋದು ಕಮ್ಮಿ. ಬ್ಯಾಸಗಿದಾಗ, ಮಾರ್ಚ್‌ದಿಂದ ಮೇ ತನಕ, ನಮ್ಮ ಕಡೆ ಮನಿಮನ್ಯಾಗ ವರ್ಷದ ಖಾರ ಕುಟ್ಟಸ್ತಾರ, ಆವಾಗ ಕಾಯಿ ಹೋಲ್‌ಸೇಲ್ ಜೋರು. ಆನ್‌ಲೈನ್ ಜೋರು ಆಗೋದು ದಸರಾ ದೀಪಾವಳಿಗೆ. ಆದ್ರ ಆವಾಗಿನ ತ್ರಾಸು ಏನಂದ್ರ ಹೊಸಾ ಮಾಲು ಬರಾಕ ಇನ್ನೂ ತಡಾ ಐತಿ, ಡಿಸೆಂಬರ್ ಜನವರಿ ಬರಬೇಕು, ಖಾನಾವಳಿಯವರೂ ಹಬ್ಬಕ್ಕ ಜಾಸ್ತಿ ಕೇಳ್ತಾರ, ಮತ್ತ ಹಿಂಗಾರಿ ಮಳಿ ಹತ್ತಿದ್ರ ಕೋಲ್ಡ್ ಸ್ಟೋರೇಜ್‌ದಿಂದ ತಗದ ಕಾಯಿ ಬೆವತು ಹಸಿ ಹಿಡದಿರ್ತದ, ಅದನ್ನ ಒಂದೆರಡು ದಿನ ಒಣಗಿಸದ ಗಿರಣಿಗೆ ಹಾಕಾಕ ಬರಂಗಿಲ್ಲ, ಹಾಕಿದ್ರ ಪುಡಿ ಗಂಟು ಕಟ್ಟತದ, ಬೂಸ್ಟ ಬರ್ತದ. ಗಿರಣ್ಯಾಗೂ ಹಬ್ಬದ ಪಾಳಿ. ಕಾಯಿ ಐತಿ, ಪುಡಿ ಇಲ್ಲ, ಅಂಥಾ ಎರಡು ವಾರ ಪ್ರತೀ ವರ್ಷ ಬರ್ತಾವ.

ಹಂಗಾದ್ರ ಜಾಸ್ತಿ ಮಾಲು ತುಂಬಿ ಇಡಬೇಕಿತ್ತಲ್ಲ ಅಂತ ಕೇಳಬಹುದು. ಮೆಣಸಿನಕಾಯಿ ರೇಟ್ ನಂಬಿ ಮನಿ ಕಟ್ಟಾಕ ಆಗಂಗಿಲ್ಲ. 2024ರ ಮಾರ್ಚ್‌ನಾಗ ಬ್ಯಾಡಗಿ ಮಾರ್ಕೆಟ್‌ನಾಗ ರೇಟ್ ಬಿದ್ದು ರೈತರು ಸಿಟ್ಟಿಗೆದ್ದು ಗಾಡಿಗೆ ಬೆಂಕಿ ಬಿದ್ದಿದ್ದು ಎಲ್ಲಾರಿಗೂ ನೆನಪೈತಿ. ವರ್ಷಪೂರ್ತಿ ದುಡದ ರೈತಗ ಅಂಥಾ ಹೊಡತ ಬಿದ್ದಾಗ, ಮೊದಲ ರೇಟಿಗೆ ತಗೊಂಡು ತುಂಬಿಟ್ಟ ನಮ್ಮಂಥಾವರಿಗೂ ಬೀಳ್ತದ. ಅದಕ್ಕ ಅಪ್ಪಾಜಿ ಯಾವತ್ತೂ ಕೈಮೀರಿ ತುಂಬಂಗಿಲ್ಲ.

ಹೋದ ವರ್ಷದ ಲೆಕ್ಕಾನ ತಗೊಂಡು ಹೇಳ್ತೇನಿ. ಪುಡಿ 40 ಚೀಲ ಕೈಯಾಗ, ಗಿರಣ್ಯಾಗ ಮುಂದಿನ ಪಾಳಿ ಸಿಗಾಕ 16 ದಿನ. ಮೊದಲ ಆನ್‌ಲೈನಿಂದು ತಗದ್ವಿ. ದಿನಕ್ಕ ಸರಾಸರಿ 12 ಕಿಲೋ ಹೋಗ್ತದ, 16 ದಿನಕ್ಕ 192, ಮ್ಯಾಲೊಂದು 8 ಕಿಲೋ ಸೇರ್ಸಿ 200 ಕಿಲೋ, 8 ಚೀಲ. ಆನ್‌ಲೈನ್ ಮೊದಲ ಯಾಕ ಅಂತ ಅಪ್ಪಾಜಿ ಕೇಳಿದ್ರು, ಇಬ್ಬರಿಗೂ ಚಲೋ ವಾದ ಆತು. ನನ್ನ ಮಾತು ಏನಿತ್ತಂದ್ರ, ಕೊಪ್ಪಳದ ಕಾಕಾಗ 18 ಕೇಳಿದ್ರ 12 ಈಗ ಒಯ್ರಿ, 6 ಮುಂದಿನ ವಾರ ಅಂತ ಹೇಳಬಹುದು, ಅವರು ಬೈದ್ರೂ ಒಪ್ಪತಾರ, ಅರ್ಧಾ ಕಿಲೋ ಆರ್ಡರ್ ಹಾಕಿದಾಕಿಗೆ ಕಾಲು ಕಿಲೋ ಈಗ ಕಾಲು ಕಿಲೋ ಆಮ್ಯಾಲೆ ಅನ್ನಾಕ ಆಗಂಗಿಲ್ಲ, ಅಲ್ಲಿ ಹೌದು ಇಲ್ಲ ಎರಡ. ಮುರದು ಕೊಡಾಕ ಬರದಿದ್ದನ್ನ ಮೊದಲ ತಗದಿಡಬೇಕು. ಅಪ್ಪಾಜಿ ಒಪ್ಪಿದ್ರು, ಆದ್ರ 8 ಮುಗದ್ರ ಮುಗೀತು, ಒಂಬತ್ತನೇದು ಕೇಳಬಾರದು, ಸೈಟ್ ಮ್ಯಾಲೆ ಮಾಲು ಇಲ್ಲ ಅಂತ ಹಾಕಬೇಕು ಅಂದ್ರು. ಅದೂ ಖರೇನ.

ಉಳದಿದ್ದು 32. ಹೋಲ್‌ಸೇಲ್‌ದವರು ಕೇಳಿದ್ದು ಒಟ್ಟು 60. ಕೊಪ್ಪಳ 25, ಗದಗ 12, ಕಾರವಾರ 12, ಲಕ್ಷ್ಮೇಶ್ವರ 7, ಇಲ್ಲಿ ಹುಬ್ಬಳ್ಳಿ ಖಾನಾವಳಿ 4. ನಾನು ಕೇಳಿದ್ದರ ಅರ್ಧಕ್ಕಿಂತ ಒಂದೀಟ ಜಾಸ್ತಿ ಎಲ್ಲಾರಿಗೂ ಕೊಡೋಣು ಅಂದೆ. ಅಪ್ಪಾಜಿ ಏನೂ ಅನಲಿಲ್ಲ, ಒಳಗ ಹೋಗಿ ಹಳೇ ಕೆಂಪ ರಟ್ಟಿನ ಖಾತೆ ಪುಸ್ತಕ ತಂದು ನನ್ನ ಮುಂದ ಇಟ್ರು. ಅದ್ರಾಗ ಪ್ರತೀ ದೀಪಾವಳಿ ತಿಂಗಳಿಗೆ ಒಂದು ಪಾನು ಬ್ಯಾರೆ ಐತಿ. ಯಾರ್ಯಾರು ಎಷ್ಟು ಕೇಳಿದ್ರು ಒಂದು ಸಾಲು, ಹೋದ ವರ್ಷ ಅದ ತಿಂಗಳ ಎಷ್ಟು ಒಯ್ದಿದ್ರು ಅದರ ಬಾಜೂಕ, ಈ ವರ್ಷ ಎಷ್ಟು ಕೊಟ್ಟೆ ಅನ್ನೋದು ಕೊನಿಗೆ, ಪೆನ್ಸಿಲ್‌ನಾಗ. ಇಪ್ಪತ್ತು ವರ್ಷದ ಪಾನು. ಬರಕೊಳ್ಳೋದು ಏನೂ ಇಲ್ಲ ಅಂತ ನಾನು ಇಷ್ಟು ದಿನ ತಿಳಕೊಂಡಿದ್ದೆಲ್ಲಾ ತಪ್ಪು. ದಿನದ ಆರ್ಡರ್ ಬರಕೊಂಡಿರಲಿಲ್ಲ ಖರೆ, ಹಂಚಿದ್ದನ್ನ ಮಾತ್ರ ಒಂದ ವರ್ಷನೂ ಬಿಟ್ಟಿಲ್ಲ.

"ಮಾಲು ಕಮ್ಮಿ ಐತಿ ಅಂತ ಗೊತ್ತಾದ್ರ ಎಲ್ಲಾರೂ ಬಾಯಿ ದೊಡ್ಡದು ಮಾಡಿ ಕೇಳ್ತಾರ, ಕೇಳಿದ್ದರ ಮ್ಯಾಲೆ ಹಂಚಿದ್ರ ಸುಳ್ಳು ಹೇಳಿದಾವಗ ಜಾಸ್ತಿ ಹೋಗ್ತದ, ಖರೆ ಕೇಳಿದಾವ ಹಿಂದ ಬೀಳ್ತಾನ" ಅಂದ್ರು. ಹೋದ ವರ್ಷ ಅದ ತಿಂಗಳ ಒಯ್ದಿದ್ದು ನೋಡಿದ್ವಿ. ಕೊಪ್ಪಳ 16, ಗದಗ 10, ಕಾರವಾರ 6, ಲಕ್ಷ್ಮೇಶ್ವರ 5, ಖಾನಾವಳಿ 3, ಒಟ್ಟು 40. ಕೈಯಾಗ 32, ಅಂದ್ರ ಹತ್ತಕ್ಕ ಎಂಟು. ಕೊಪ್ಪಳಕ್ಕ 13, ಗದಗಿಗೆ 8, ಕಾರವಾರಕ್ಕ 5, ಲಕ್ಷ್ಮೇಶ್ವರಕ್ಕ 4, ಖಾನಾವಳಿಗೆ 2. ಕೂಡ್ಸಿ ನೋಡ್ರಿ, ಸರೀ 32. ಫೋನ್ ಹಚ್ಚಿ ಒಬ್ಬೊಬ್ಬರಿಗೂ ಎಷ್ಟು, ಯಾಕ, ಉಳದಿದ್ದು ಯಾವತ್ತ ಅಂತ ಹೇಳಿದ್ರು. ಕಾರವಾರದವರು ಒಂದೀಟ ಸಿಟ್ಟ ಮಾಡಿದ್ರು, ಹೋದ ವರ್ಷ ಒಯ್ದಿದ್ದು ಆರ ಚೀಲ ಅಲ್ಲೇನ್ರಿ ಅಂತ ಅಪ್ಪಾಜಿ ಪುಸ್ತಕ ಓದಿ ಹೇಳಿದ ಮ್ಯಾಲೆ ಸುಮ್ಮನಾದ್ರು. ಈ ಲೆಕ್ಕದಾಗ ಒಂದು ಕೊರತಿ ಐತಿ, ಹೊಸಾ ಗಿರಾಕಿಗೆ ಹಿಂದಿನ ವರ್ಷನ ಇರಂಗಿಲ್ಲ. ಅದಕ್ಕ ಈ ಸಲದಿಂದ ಎರಡು ಚೀಲ ಹೊಸಬರಿಗೆ ಅಂತ ಬ್ಯಾರೆ ತಗಿತೇವಿ, ಯಾರೂ ಬರದಿದ್ರ ಖಾನಾವಳಿಗೆ ಹೋಗ್ತಾವ.

ಯಾವ ಚೀಲ ಯಾರಿಗೆ ಅನ್ನೋದೂ ಐತಿ. ಮೊದಲ ಬೀಸಿದ್ದು ಮೊದಲ ಹೋಗಬೇಕು, ಇದು ಎಲ್ಲಾರಿಗೂ ಗೊತ್ತು. ಆದ್ರ ಗಿರಾಕಿ ಅದನ್ನ ಎಷ್ಟು ದಿನ ಇಟ್ಕೋತಾನ ಅಂತಾನೂ ನೋಡಬೇಕು. ಖಾನಾವಳಿಯವರು ಚೀಲ ಒಯ್ದ್ರ ವಾರದಾಗ ಸಾರಿಗೆ ಪಲ್ಯಾಕ್ಕ ಹಾಕಿ ಮುಗಸ್ತಾರ, ತಿಂಗಳ ಹಿಂದ ಬೀಸಿದ್ದು ಅವರಿಗೆ ನಡೀತದ, ಹೇಳಿನ ಕೊಡ್ತೇವಿ, ಕಿಲೋಕ್ಕ ಎರಡು ರೂಪಾಯಿ ಕಮ್ಮಿ ಹಿಡೀತೇವಿ. ಕಿರಾಣಿ ಅಂಗಡ್ಯಾಗ ಎರಡು ತಿಂಗಳ ಕುಂತಿರ್ತದ, ಆನ್‌ಲೈನ್ ತಗೊಂಡಾವರ ಮನ್ಯಾಗ ನಾಕು ತಿಂಗಳ ಡಬ್ಬಿದಾಗ ಇರ್ತದ, ಅವರಿಗೆ ಹೊಸಾದ ಹೋಗಬೇಕು, ಇಲ್ಲಂದ್ರ ಕೊನಿಗೆ ಬಣ್ಣ ಮಾಸಿದ ಪುಡಿ ನೋಡಿ ಬ್ಯಾಡಗಿ ಅಂದ್ರ ಇಷ್ಟೇನಾ ಅಂತಾರ. ಆ ಹೆಸರು ನಮ್ಮೊಬ್ಬರದಲ್ಲ.

ಗೆಳೆಯನ ಕಡೆ ಹಲಗಿ ಹಾಕಾಕ ಗ್ವಾಡಿ ಇಲ್ಲಂತ, ಅವ್ವನ ಹಳೇ ರೊಟ್ಟಿ ಹಲಗಿಗೆ ಕರೀ ಬಣ್ಣ ಹೊಡದು ಬಾಗಲಿಗೆ ತೂಗ ಹಾಕ್ಯಾನ, ಫೋಟೋ ಕಳಸ್ಯಾನ. ನಮ್ಮ ಹಲಗಿ ಮ್ಯಾಲೆ ಇವತ್ತ ಮೂರು ಸಾಲು ಅದಾವ. ಗದಗ 5, ಶುಕ್ರವಾರ. ಖಾನಾವಳಿ 2, ನಾಳೆ ಮುಂಜಾನೆ. ಕೊಪ್ಪಳ 6, ಶನಿವಾರ, ಅದರ ಮುಂದ ಅಪ್ಪಾಜಿ ತಮ್ಮ ಕೈಯಾರೆ ಬರದಾರ, ಗಾಡಿ ಹನ್ನೆರಡರ ಒಳಗ ಬರ್ತದ, ಡ್ರೈವರ್‌ಗೆ ಊಟಾ ಮನಿಯಿಂದ.